ಜಪಾನಿ ಕ್ರಿಯಾಪದವೂ ಒಂದು ಎಳನೀರೂ

ಬೇರೆ ಭಾಷೆ ಕಲಿಯಲು ಹೊರಟವನ ಮನೆಯವರಿಗೆ ನಗುವುದಕ್ಕೆ ಇನ್ನೇನೂ ಬೇಕಿಲ್ಲ. ಎಂಬತ್ತರ ದಶಕದಲ್ಲಿ ತಿಪಟೂರಿನ ಹತ್ತಿರ ನಾನು ಫಿಟ್ಟರ್ ಆಗಿದ್ದ ಕೊಬ್ಬರಿ ಪುಡಿ ಕಾರ್ಖಾನೆಗೆ ಜಪಾನಿನಿಂದ ಯಂತ್ರ ಬರುವುದಿತ್ತು. ಜೋಡಿಸಲು ಬರುವ ಎಂಜಿನಿಯರು ನನ್ನ ಜಪಾನಿ ಮಾತು ಒಪ್ಪಿದರೆ ತರಬೇತಿಗೆ ಜಪಾನಿಗೇ ಕಳಿಸುವುದಾಗಿ ಮ್ಯಾನೇಜರು ಹೇಳಿದರು. ವಿಮಾನ ಹತ್ತುವ ಆಸೆ ನನಗೆ ವಿಪರೀತ. ಭಾನುವಾರ ಬಂದರೆ ರೈಲು ಹಿಡಿದು ಬೆಂಗಳೂರಿಗೆ ಪಾಠಕ್ಕೆ ಹೋಗುತ್ತಿದ್ದೆ.

ಗುಂಪುಗಾರಿಕೆ

ಜಪಾನಿ ಕ್ರಿಯಾಪದಗಳಲ್ಲಿ ಮೂರು ಗುಂಪು. ಮೂರನೆಯದರಲ್ಲಿ ಇರುವುದು ಎರಡೇ: ಬರುವುದು, ಮಾಡುವುದು. ಜಗಲಿಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದಾಗ, ಪಂಚಾಯ್ತಿ ಮೆಂಬರಾಗಿದ್ದ ದೊಡ್ಡಪ್ಪ ಕೇಳಿಸಿಕೊಂಡರು.

"ಬರೀ ಎರಡಕ್ಕೆ ಒಂದು ಗುಂಪೇನ್ಲಾ?"

"ಅವೆರಡೂ ಯಾವ ನಿಯಮಕ್ಕೂ ಬಗ್ಗಲ್ಲ ದೊಡ್ಡಪ್ಪ."

"ಬುಡು, ಹಂಗಾದ್ರೆ ನಮ್ಮ ಪಂಚಾಯ್ತೀಲಿ ಎಲ್ರೂ ಮೂರನೇ ಗುಂಪೇ."

ತಿಂದದ್ದು ಯಾರು

ತಿಂದೆ, ತಿಂದಳು, ತಿಂದರು, ಎಲ್ಲಕ್ಕೂ ಜಪಾನಿಯಲ್ಲಿ ಒಂದೇ ರೂಪ: 'ತಬೆಮಶಿತ'. ಇದು ನನಗೆ ಬಹಳ ಹಿಡಿಸಿ ಹೆಂಡತಿಗೂ ಹೇಳಿಕೊಟ್ಟಿದ್ದೆ. ಒಂದು ಸಂಜೆ ಅವಳು ಡಬ್ಬಿ ತೆಗೆದು ನೋಡಿದಳು.

"ಕೊಬ್ಬರಿ ಮಿಠಾಯಿ ಖಾಲಿ. ತಿಂದೋರು ಯಾರು?"

"ತಬೆಮಶಿತ," ಅಂದೆ.

"ಕಳ್ಳರಿಗೆ ಅನುಕೂಲವಾದ ಭಾಷೆ ಕಣ್ರೀ," ಅಂದಳು.

ಕಿರು

ನಾನು ಮುಗ್ಗರಿಸಿದ್ದು 'ಕಿರು' ಎಂಬ ಕ್ರಿಯಾಪದದಲ್ಲಿ. ಎರಡನೇ ಗುಂಪಿನದಾದರೆ ಅದಕ್ಕೆ ತೊಡುವುದು ಎಂದರ್ಥ, 'ಕಿಮಸ್' ಅನ್ನಬೇಕು. ಒಂದನೇ ಗುಂಪಿನದಾದರೆ ಕೊಚ್ಚುವುದು, 'ಕಿರಿಮಸ್' ಅನ್ನಬೇಕು.

ಎಂಜಿನಿಯರು ಬಂದ ದಿನ ಮ್ಯಾನೇಜರು ನಮ್ಮನ್ನು ತೋಟಕ್ಕೆ ಕರೆದೊಯ್ದರು. ಕಾಯಿ ಕೀಳುವವನು ಮರದಿಂದ ಇಳಿದು, ಎಳನೀರು ಹಿಡಿದು ನಿಂತ. 'ಈತ ಎಳನೀರು ಕೊಚ್ಚುತ್ತಾನೆ' ಅನ್ನಲು ಹೋಗಿ ನಾನು 'ಕಿಮಸ್' ಅಂದುಬಿಟ್ಟೆ. ಈತ ಎಳನೀರು ತೊಡುತ್ತಾನೆ ಎಂದಂತಾಯಿತು. ಎಂಜಿನಿಯರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವನ ಮೈಮೇಲಿದ್ದದ್ದು ಒಂದು ಚಡ್ಡಿ, ತಲೆಗೊಂದು ಟವಲು.

ಆಮೇಲೆ ನನ್ನನ್ನು ಬಿಟ್ಟು ನೇರವಾಗಿ ಅವನಿಗೇ ತಲೆ ಬಾಗಿಸಿ, ದಯವಿಟ್ಟು ಕೊಚ್ಚಿಕೊಡಿ ಎಂಬ ಅರ್ಥದಲ್ಲಿ, "ಕಿತ್ತೆ ಕುದಸಾಯ್," ಅಂದರು. ಇದು ಯಾವ ಗುಂಪು ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಅವನು ಎಳನೀರು ಕೊಚ್ಚಿ ಅವರ ಕೈಗಿಟ್ಟಿದ್ದ.

ಎಂಜಿನಿಯರು ಕುಡಿದು ಮುಗಿಸಿ, ಮ್ಯಾನೇಜರ ಕಡೆ ತಿರುಗಿ, ಕಾಯಿ ಕೀಳುವವನನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದರು: "ತರಬೇತಿಗೆ ಇವರನ್ನೇ ಕಳಿಸಿ."

ನನ್ನ ವಿಮಾನ ಅಲ್ಲೇ ಇಳಿಯಿತು. ಹೊಟ್ಟೆ ಉರಿದುಹೋಯಿತು. ಎಲ್ಲರೂ ಹೋದ ಮೇಲೆ ಅವನನ್ನು ಹಿಡಿದು ನಿಲ್ಲಿಸಿದೆ.

"ಜಪಾನಿ ಎಲ್ಲಿ ಕಲಿತ್ಯೋ?"

"ಜಪಾನಿ ಯಾಕಪ್ಪ? ಕನ್ನಡದಲ್ಲೇ ಕೇಳುದ್ರಲ್ಲ. 'ಕಿತ್ತೆ, ಕುಡ್ಸಯ್ಯ' ಅಂದ್ರು. ಕುಡಿಸ್ದೆ."