ಒಂಟಿಕಾಲಿನ ಗೋಡೆ

ಒಂದಾನೊಂದು ಊರಿನಲ್ಲಿ ಒಂದು ಗೋಡೆ ಇತ್ತಂತೆ. ಅದಕ್ಕೆ ಎರಡು ಕೈ, ಎರಡು ಕಾಲು, ಬೆನ್ನ ಮೇಲೆ ಎರಡು ಜಡೆ! ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಹುಡುಗಿಗೆ ಗೆಳತಿಯರು ಇಟ್ಟ ಹೆಸರದು. ಹೋದ ಪಂದ್ಯದಲ್ಲಿ ಚೆಂಡಿಗೆಂದು ಹಾರಿದ ಗೋಡೆ, ಗೋಲಿನ ಕಂಬಕ್ಕೇ ತಲೆ ಕೊಟ್ಟಿತ್ತು. ಚೆಂಡೇನೋ ಸಿಕ್ಕಿತು, ಬುದ್ಧಿ ಮಾತ್ರ ಸ್ವಲ್ಪ ಹೊತ್ತು ಕೈಗೆ ಸಿಗಲಿಲ್ಲ.

ಇವತ್ತು ಫೈನಲ್. ಅವಳ ಬದುಕಿನ ಮೊದಲನೆಯದು. ಆದರೆ ಮಿದುಳು ಮೊದಲಿನ ಹಾಗೇ ಓಡುತ್ತಿದೆಯೋ ಇಲ್ಲವೋ ಅಳೆದು ನೋಡದೆ ಮೈದಾನಕ್ಕೆ ಬಿಡೆನೆಂದು ಡಾಕ್ಟರಮ್ಮ ಪಟ್ಟು ಹಿಡಿದಿದ್ದರು. ಪರೀಕ್ಷೆ ಬಟ್ಟೆ ಬದಲಿಸುವ ಕೋಣೆಯಲ್ಲೇ. ಹೊರಗೆ ಜನ ಆಗಲೇ ಕೇಕೆ ಹಾಕುತ್ತಿದ್ದರು.

“ತಿಂಗಳುಗಳನ್ನ ಹಿಂದಿನಿಂದ ಹೇಳು.”

“ಡಿಸೆಂಬರ್, ನವೆಂಬರ್...”

“ಸೆಪ್ಟೆಂಬರ್ ಕಣೇ!” ಬೆನ್ನ ಹಿಂದೆ ಕ್ಯಾಪ್ಟನ್ ಪಿಸುಗುಟ್ಟಿದಳು.

“ಅಕ್ಟೋಬರನ್ನ ನುಂಗಿಬಿಟ್ಯಲ್ಲೇ!” ಎಂದಳು ಇನ್ನೊಬ್ಬಳು.

“ಬಾಯಿ ಮುಚ್ಕೊಂಡಿರ್ತೀರೋ, ಆಚೆ ಹೋಗ್ತೀರೋ?” ಡಾಕ್ಟರಮ್ಮ ಗದರಿದರು. “ನೀನು ಮೊದಲಿಂದ ಹೇಳಮ್ಮ.”

ಗೋಡೆ ಒಂದೇ ಉಸಿರಿಗೆ ಜನವರಿ ಮುಟ್ಟಿತು. ನೆನಪಿಡಲು ಕೊಟ್ಟ ಐದು ಪದಗಳನ್ನೂ ಗಿಣಿಯಂತೆ ಒಪ್ಪಿಸಿತು.

“ಇನ್ನೊಂದೇ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲು. ನಾನು ಸಾಕು ಅನ್ನೋವರೆಗೂ ಕಣ್ಣು ಬಿಡಬಾರದು.”

ಅವಳು ಒಂದು ಕಾಲೆತ್ತಿ, ಮತ್ತೆ ಇಳಿಸಿ, ಗೆಳತಿಯರತ್ತ ನೋಡಿದಳು.

“ಹೆದರ್ಬೇಡ್ವೇ! ನಿನ್ನ ಜೊತೆ ನಾವೂ ನಿಲ್ತೀವಿ!” ಎಂದಳು ಕ್ಯಾಪ್ಟನ್. ಡಾಕ್ಟರಮ್ಮ ಬೇಡಬೇಡವೆಂದರೂ ಬೆಂಚಿನ ಬದಲಿ ಆಟಗಾರ್ತಿಯರೂ ಸೇರಿ ಇಡೀ ತಂಡ ಅವಳ ಹಿಂದೆ, ಕಬ್ಬಿಣದ ಬೀರುಗಳ ಮುಂದೆ ಸಾಲಾಗಿ, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ, ಕಣ್ಣು ಮುಚ್ಚಿ, ಕೊಕ್ಕರೆಗಳ ಹಾಗೆ ಕಾಲೆತ್ತಿತು. ಎಲ್ಲರ ಕಾಲಲ್ಲೂ ಮುಳ್ಳಿನ ಬೂಟು. ನೆಲವೋ ನುಣ್ಣನೆಯ ಟೈಲ್ಸು.

ಮುಚ್ಚಿದ ಕಣ್ಣೊಳಗೆ ಗೋಡೆಗೆ ಫೈನಲ್ ಶುರುವಾಗಿಹೋಯಿತು. ಹುಣ್ಣಿಮೆ ಚಂದ್ರನಂಥ ಚೆಂಡು ತೇಲಿ ಬರುತ್ತಿದೆ...

“ಲೇ, ಮೈಮೇಲೆ ಬೀಳ್ಬೇಡ್ವೇ!”

“ನಾನಲ್ಲ ಕಣೇ, ಅವಳು!”

“ಅಯ್ಯಯ್ಯಪ್ಪಾ!”

ಟಣ್! ಟಣ್! ಧಡಾರ್!

ಆಹಾ, ಜನರ ಚಪ್ಪಾಳೆ! ಗೋಡೆ ಎರಡೂ ಕೈ ಚಾಚಿ ಚಂದ್ರನನ್ನು ಎದೆಗೊತ್ತಿಕೊಂಡಿತು. ಕಾಲು ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಸಾಕು,” ಎಂದರು ಡಾಕ್ಟರಮ್ಮ, ಯಾಕೋ ಸಣ್ಣ ದನಿಯಲ್ಲಿ.

“ಪಾಸಾದ್ನಾ ಡಾಕ್ಟರಮ್ಮಾ?” ಗೋಡೆ ಕಣ್ಣು ಬಿಟ್ಟಿತು.

ಇಡೀ ತಂಡ ಉರುಳಿದ ಮಡಕೆಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದಿತ್ತು. ಎಲ್ಲರ ಕೈಯೂ ಅವರವರ ಹಣೆಯ ಬುಗುಟಿನ ಮೇಲೆ.

“ಪಾಸಾದೆ ಮಗಳೇ. ಆದ್ರೆ ಈಗ ತಲೆಗೆ ಪೆಟ್ಟು ಮಾಡ್ಕೊಂಡ ಇವರ್ಯಾರನ್ನೂ ಇವತ್ತು ಮೈದಾನಕ್ಕೆ ಬಿಡೋ ಹಾಗಿಲ್ಲ.” ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. “ಹೋಗು, ರೆಫರಿಗೆ ಹೇಳು. ನಮ್ಮ ತಂಡ ರೆಡಿ. ನೀನೊಬ್ಬಳೇ.”