ವೈರಾಗ್ಯದ ಬೀರು

ಜ್ಞಾನ ಮತ್ತು ಅಧ್ಯಾತ್ಮ ಅಧ್ಯಯನ ವಿಭಾಗದಲ್ಲಿ ಪ್ರತಿಯೊಂದು ಸದ್ಗುಣಕ್ಕೂ ಒಂದು ಕಬ್ಬಿಣದ ಬೀರು ಇದೆ. ಬೀರುಗಳು ಎರಡನೆಯ ಮಹಡಿಯ ಉದ್ದನೆಯ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿವೆ. ಯಾವ ಬೀರುವಿನ ಕೀಲಿ ಯಾರ ಬಳಿ ಇದೆಯೋ ಆ ಸದ್ಗುಣ ಅವರದು. ನಿಯಮಾವಳಿ ಈ ಕುರಿತು ಸ್ಪಷ್ಟವಾಗಿದೆ: "ಒಂದು ಸದ್ಗುಣವನ್ನು ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಹೊಂದಿರತಕ್ಕದ್ದಲ್ಲ." ಡಾಕ್ಟರೇಟ್ ಮಾಡಬಯಸುವವರು ಖಾಲಿ ಇರುವ ಬೀರುವೊಂದನ್ನು ಪಡೆದು, ಅದರ ಮೇಲಿನ ವಿಷಯದಲ್ಲಿ ಪ್ರಬಂಧ ಬರೆಯಬೇಕು.

ಈ ವ್ಯವಸ್ಥೆಯಲ್ಲಿ ಯಾರಿಗೂ ದೋಷ ಕಂಡಿರಲಿಲ್ಲ. ಡಾಕ್ಟರೇಟ್ ಮಾಡಲು ಬಂದ ಗಣಿತದ ಟೀಚರಿಗೂ ಮೊದಲಿಗೆ ಕಾಣಲಿಲ್ಲ.

ಟೀಚರ್ ಮದುವೆಗೂ ಮೊದಲಿನಿಂದ ಮಕ್ಕಳಿಗೆ ಭಾಗಾಕಾರ ಕಲಿಸುತ್ತ, ಗದ್ದಲದ ನಡುವೆ ಗಂಟಲು ಹರಿದುಕೊಳ್ಳುತ್ತ ಬಂದವರು. ಅವರಿಗೆ ಬೇಕಾಗಿದ್ದುದು ಒಂದೇ ವಿಷಯ: ಮೌನ. ಶಾಲೆಯವರು ಸಂಬಳವಿಲ್ಲದ ರಜೆ ಕೊಟ್ಟಿದ್ದರು. ಆದರೆ ಶುಕ್ರವಾರದೊಳಗೆ ವಿಷಯ ಮಂಜೂರಾಗದಿದ್ದರೆ ಸೋಮವಾರ ಮತ್ತೆ ಐದನೇ ತರಗತಿಗೆ ಹಾಜರಾಗಬೇಕು ಎಂಬ ಷರತ್ತಿನ ಮೇಲೆ.

"ಮೌನದ ಬಗ್ಗೆ ನೀನು ಬರೆಯೋದಾ?" ಎಂದು ನಾದಿನಿ ನಕ್ಕಿದ್ದಳು. "ನೀನು ಮನೇಲಿ ಉಪ್ಪು ಕೇಳಿದ್ರೆ ಪಕ್ಕದ ಬೀದಿಯವರು ತಂದುಕೊಡ್ತಾರಲ್ಲ ಅತ್ತಿಗೆ!"

ಕೀಲಿಗಳ ಉಸ್ತುವಾರಿ ಹೊತ್ತ ಗುಮಾಸ್ತರು ಟೀಚರನ್ನು ಬೀರುಗಳ ಮುಂದೆ ನಡೆಸಿಕೊಂಡು ಹೋದರು.

"ವಿನಯ ನಮ್ಮ ಮುಖ್ಯಸ್ಥರದು. ಮುಟ್ಟಬೇಡಿ, ಬೆರಳಿನ ಗುರುತು ಬಿದ್ರೆ ಕೂಗಾಡ್ತಾರೆ. ಕರುಣೆ ಆ ಕೊನೇ ಕೋಣೆ ಮೇಡಂ ಅವರದು. ಹೋದ ವರ್ಷ ಒಬ್ಬ ಹುಡುಗಿ ಅರ್ಧ ಕರುಣೆ ಕೊಡಿ ಅಂತ ಕೇಳಿದ್ಲು. ಈಗ ಅವಳು ಭೂಗೋಳ ಓದ್ತಿದ್ದಾಳೆ."

"ಇದಕ್ಯಾಕೆ ಎರಡು ಬೀಗ?"

"ಶಾಂತಿ. ಇಬ್ಬರು ಪ್ರಾಧ್ಯಾಪಕರ ಮಧ್ಯೆ ಪಾಲಾಗಿದೆ. ಒಳಗೆ ತಗಡು ಹೊಡೆಸಿದ್ದೀವಿ. ಇಬ್ಬರಿಗೂ ಮಾತಿಲ್ಲ, ಏನಿದ್ದರೂ ನನ್ನ ಮೂಲಕ."

"ನನಗೆ ಮೌನ ಬೇಕು."

ಗುಮಾಸ್ತರು ನಿಟ್ಟುಸಿರು ಬಿಟ್ಟರು. ಮೌನದ ಪ್ರಾಧ್ಯಾಪಕರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕೀಲಿ ಹಿಂದಿರುಗಿಸುವಿರಾ ಎಂದು ವಿಭಾಗ ಅವರನ್ನು ಹಲವು ಸಲ ಕೇಳಿತ್ತು. ಅವರು ಉತ್ತರಿಸಿರಲಿಲ್ಲ. ಉತ್ತರಿಸಿದ್ದರೆ ಮೌನ ಮುರಿದಂತಾಗಿ ಬೀರು ತಾನಾಗಿ ಖಾಲಿಯಾಗುತ್ತಿತ್ತು. ಉತ್ತರಿಸದೆ ಇದ್ದುದರಿಂದ ಅವರು ಇನ್ನೂ ವಿಷಯದ ಮೇಲೆ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದಾರೆಂದು ಸಮಿತಿ ಪ್ರತಿ ವರ್ಷವೂ ಮೆಚ್ಚುಗೆಯೊಂದಿಗೆ ದಾಖಲಿಸುತ್ತಿತ್ತು.

"ಹಾಗಾದರೆ ಖಾಲಿ ಇರೋದು ಯಾವುದು?"

"ವೈರಾಗ್ಯ ಒಂದೇ. ಆದರೆ ಕೇಳಿದವರಿಗೆ ಅದನ್ನ ಕೊಡೋ ಹಾಗಿಲ್ಲ, ಮೇಡಂ. ಕೇಳಿದ್ರು ಅಂದ್ರೆ ಆಸೆ ಇದೆ ಅಂತ ಆಯ್ತಲ್ಲ? ವಿಭಾಗ ಶುರುವಾದಾಗಿನಿಂದ ಹಾಗೇ ನಿಂತಿದೆ. ನಾನು ಊಟದ ಡಬ್ಬಿ ಇಟ್ಕೊಳ್ತೀನಿ."

ಶುಕ್ರವಾರ ಸಮಿತಿ ಸೇರಿತು. ಟೀಚರ್ ಗಂಜಿ ಹಾಕಿದ ಸೀರೆಯುಟ್ಟು, ಮೌನದ ಕುರಿತು ತಾವು ಬರೆದುಕೊಂಡು ಬಂದಿದ್ದನ್ನು ಓದತೊಡಗಿದರು.

"ಸ್ವಲ್ಪ ಜೋರಾಗಿ," ಎಂದರು ಮುಖ್ಯಸ್ಥರು.

ಟೀಚರ್ ಜೋರಾಗಿ ಓದಿದರು. ಕಿಟಕಿಯ ಗಾಜು ನಡುಗಿತು.

"ಇಷ್ಟು ಗಟ್ಟಿ ಧ್ವನಿಯವರಿಗೆ ಮೌನ ಒಗ್ಗಲ್ಲ ಅಂತ ಅವರಿಗೆ ಹೇಳಿ," ಎಂದು ಶಾಂತಿಯ ಎಡಪಾಲಿನ ಪ್ರಾಧ್ಯಾಪಕರು ಗುಮಾಸ್ತರಿಗೆ ಹೇಳಿದರು.

"ಒಗ್ಗುತ್ತೆ ಅಂತ ಇವರಿಗೆ ಹೇಳಿ," ಎಂದರು ಬಲಪಾಲಿನವರು. ಅವರಿಗೆ ಅಭ್ಯರ್ಥಿಯ ಪರಿಚಯವಿರಲಿಲ್ಲ, ಎಡಪಾಲಿನವರ ಪರಿಚಯವಿತ್ತು.

ಕರುಣೆಯ ಮೇಡಂ ಕನ್ನಡಕ ಒರೆಸಿಕೊಂಡರು. "ಪಾಪ, ಇವರ ಸ್ಥಿತಿ ನೋಡಿದ್ರೆ ನನಗೆ ಏನೋ ಅನ್ನಿಸಬೇಕಿತ್ತು. ಆದರೆ ಈಗ ಬಿಡುವಿಲ್ಲ. ಮುಂದಿನವರನ್ನ ಕರೀರಿ."

ಟೀಚರ್ ಹಾಳೆಗಳನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದರು. ಐದನೇ ತರಗತಿಯ ಕೊನೆಯ ಬೆಂಚಿಗಾಗಿ ಕಾದಿಟ್ಟಿದ್ದ ದನಿ ತಾನಾಗಿ ಹೊರಬಂತು.

"ನನಗೆ ನಿಮ್ಮ ಮೌನವೂ ಬೇಡ, ಶಾಂತಿಯೂ ಬೇಡ! ಡಾಕ್ಟರೇಟ್ ಅಂತೂ ಬೇಡವೇ ಬೇಡ. ಎಲ್ಲಾ ನೀವೇ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೊಳ್ಳಿ!"

ಬಾಗಿಲು ದಢಾರನೆ ಮುಚ್ಚಿತು. ಒಳಗೆ ಮುಖ್ಯಸ್ಥರು ಎದ್ದು ನಿಂತರು.

"ಏನೂ ಬೇಡ ಅಂದರು," ಎಂದು ಅವರು ನಡುಗುವ ದನಿಯಲ್ಲಿ ಹೇಳಿದರು. "ಗಮನಿಸಿದಿರಾ? ಏನೂ ಬೇಡವಂತೆ! ರೀ, ವೈರಾಗ್ಯದ ಕೀಲಿ ತನ್ನಿ!"

ಗುಮಾಸ್ತರು ಬೀರುವಿನಿಂದ ಊಟದ ಡಬ್ಬಿ ತೆಗೆದು, ಕೀಲಿ ಹಿಡಿದು ಓಡಿದರು. ಸಮಿತಿ ಹಿಂದೆಯೇ ಓಡಿತು. ಮೆಟ್ಟಿಲ ಬಳಿ ಟೀಚರ್ ಸಿಕ್ಕರು.

"ತಗೊಳ್ಳಿ ಮೇಡಂ, ನಿಮಗೆ ವೈರಾಗ್ಯ ಮಂಜೂರಾಗಿದೆ."

"ಹೋಗ್ರೀ, ಬೇಡ ಅಂದ್ನಲ್ಲ!"

"ಅಬ್ಬಾ, ಎಂಥ ಅರ್ಹತೆ!" ಎಂದರು ಕರುಣೆಯ ಮೇಡಂ.

ಆಗ ಒಂದು ತಾಂತ್ರಿಕ ತೊಡಕು ಎದುರಾಯಿತು. ಅಭ್ಯರ್ಥಿ ಕೈ ಚಾಚಿ ಕೀಲಿ ತೆಗೆದುಕೊಂಡರೆ ಅದು ಆಸೆ. ತೆಗೆದುಕೊಳ್ಳದಿದ್ದರೆ ವಿಷಯ ಮಂಜೂರಾಗದು. ಸಮಿತಿ ಮೆಟ್ಟಿಲ ಮೇಲೆಯೇ ಸಭೆ ಸೇರಿ, ಶಾಂತಿಯ ಎರಡೂ ಪಾಲುದಾರರ ಅಪರೂಪದ ಒಮ್ಮತದೊಂದಿಗೆ ಹೊಸ ನಿಯಮ ರಚಿಸಿತು: "ವೈರಾಗ್ಯದ ಕೀಲಿಯನ್ನು ಅಭ್ಯರ್ಥಿಯು ಬೇರೆಡೆ ನೋಡುತ್ತಿರುವಾಗ ಚೀಲದೊಳಗೆ ಹಾಕತಕ್ಕದ್ದು."

ಟೀಚರ್ ಇದನ್ನೆಲ್ಲ ಕೇಳಿಸಿಕೊಂಡರು. ಸೋಮವಾರವನ್ನು ನೆನೆದರು. ಐದನೇ ತರಗತಿಯ ನಲವತ್ತು ಬಾಯಿಗಳನ್ನು ನೆನೆದರು. ನಂತರ ಚೀಲದ ಬಾಯನ್ನು ಕೊಂಚ ಅಗಲಿಸಿ, ಕಿಟಕಿಯಾಚೆಗಿನ ನೀರಿನ ಟ್ಯಾಂಕನ್ನು ಬಹಳ ಹೊತ್ತು ಆಸಕ್ತಿಯಿಂದ ನೋಡಿದರು.

ಒಳಗೆ ಟಿಣ್ ಎಂದಿತು.

"ಕಂಗ್ರಾಜುಲೇಷನ್ಸ್," ಎಂದರು ಮುಖ್ಯಸ್ಥರು. "ದಯವಿಟ್ಟು ನಗಬೇಡಿ."

ಟೀಚರ್ ಮನೆ ತಲುಪಿ, ಬಾಗಿಲು ಹಾಕಿಕೊಂಡ ಮೇಲೆಯೇ ನಕ್ಕರು. ಮುಂದಿನ ವರ್ಷಗಳಲ್ಲಿ ಅವರು ವೈರಾಗ್ಯದ ಕುರಿತು ಎರಡು ಸಂಪುಟ ಬರೆದು, ಡಾಕ್ಟರಾಗಿ, ಅದೇ ವಿಭಾಗದಲ್ಲಿ ಉಳಿದರು. ಕಿಟಕಿ ಇರುವ ಕೋಣೆಗಾಗಿ ಅರ್ಜಿ ಹಾಕಿದರು. ಸಿಗದಾಗ ಮೇಲ್ಮನವಿ ಸಲ್ಲಿಸಿದರು. ಸಿಕ್ಕ ಮೇಲೆ ಪರದೆಯ ಬಣ್ಣ ಬದಲಾಯಿಸಿದರು.

ಒಂದು ಬೆಳಗ್ಗೆ ಹೊಸ ವಿದ್ಯಾರ್ಥಿನಿಯೊಬ್ಬಳು ಓಣಿಯಲ್ಲಿ ನಿಂತು, ಒಂದು ಬೀರುವಿನ ಹೆಸರಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು.

"ಏಯ್! ತೆಗಿ ಕೈ!" ಆ ದನಿಗೆ ಬೀರುಗಳೆಲ್ಲ ಒಮ್ಮೆ ಅದುರಿದವು. "ವೈರಾಗ್ಯ ನನ್ನದು! ನಾನು ಬದುಕಿರೋವರೆಗೂ ಯಾರಿಗೂ ಬಿಟ್ಟುಕೊಡಲ್ಲ!"

ಹುಡುಗಿ ಭೂಗೋಳ ವಿಭಾಗ ಎಲ್ಲಿದೆ ಎಂದು ಕೇಳಿದಳು. ಗುಮಾಸ್ತರು ದಾರಿ ತೋರಿಸಿದರು. ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಮುಖ್ಯಸ್ಥರು ತೃಪ್ತಿಯಿಂದ ತಲೆಯಾಡಿಸಿದರು. ಆ ಸಂಜೆಯೇ ವೈರಾಗ್ಯಕ್ಕೆ ಇನ್ನೊಂದು ಬೀಗ ಮಂಜೂರಾಯಿತು.