ಹಡಗಿನ ಕುರಿಯ ಗತಿಯನ್ನು ತಿಂದುಹಾಕಿದ ಗೆದ್ದಲುಗಳಿಗೆ

ಗೆದ್ದಲು ಸಂಸ್ಥಾನದ ಮಹಾರಾಣಿಯವರಿಗೂ ಅವರ ಸಮಸ್ತ ಕಾರ್ಮಿಕ ಪರಿವಾರಕ್ಕೂ,
ಮೂರನೆಯ ಕಪಾಟು, ಕೆಳಗಿನ ಹಲಗೆ, ಗ್ರಾಮ ಗ್ರಂಥಾಲಯ.

ಮಾನ್ಯರೇ,

ಮಣ್ಣಿನೊಳಗೆ ತಾವೂ ತಮ್ಮ ಲಕ್ಷಾಂತರ ಮಕ್ಕಳೂ ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ನಮ್ಮ ಮೂರನೆಯ ಕಪಾಟನ್ನು ಒಮ್ಮೆ ತೆರೆದು ನೋಡಿದ ಯಾರಿಗೂ ತಮ್ಮ ಆರೋಗ್ಯದ ಬಗ್ಗೆ ಸಂಶಯ ಉಳಿಯುವುದಿಲ್ಲ. ನಾನು ಸುಮನ, ಅರಭಾವಿಯಲ್ಲಿ ಬಸ್ಸಿಳಿದು ಕಾಲುವೆಯ ದಂಡೆ ಹಿಡಿದು ಅರ್ಧ ತಾಸು ನಡೆದರೆ ಸಿಗುವ ನಮ್ಮೂರಿನ ಗ್ರಂಥಾಲಯದ ಮೇಲ್ವಿಚಾರಕಿ. ಹನ್ನೊಂದು ವರ್ಷಗಳಿಂದ ತಾವೂ ನಾನೂ ಒಂದೇ ಸೂರಿನಡಿ ಪುಸ್ತಕಗಳನ್ನೇ ನಂಬಿ ಬದುಕಿದ್ದರೂ ನಮ್ಮಿಬ್ಬರ ನಡುವೆ ಈವರೆಗೆ ಒಂದು ಕೆಟ್ಟ ಮಾತೂ ಬಂದಿರಲಿಲ್ಲ. ತಾವು ನಾಲ್ಕು ವರ್ಷದ ವಾರ್ಷಿಕ ವರದಿಗಳನ್ನು ಒಂದೇ ಮಳೆಗಾಲದಲ್ಲಿ ಮುಗಿಸಿದಾಗ ನಾನು ತುಟಿ ಬಿಚ್ಚಲಿಲ್ಲ. ಸಣ್ಣ ಉಳಿತಾಯದ ಮಹತ್ವವನ್ನು ಸಾರುವ ಎರಡು ಸಂಪುಟಗಳನ್ನು ರಟ್ಟು ಸಹಿತ ಸೇವಿಸಿದಾಗಲಂತೂ, ಆ ಪುಸ್ತಕಕ್ಕೆ ಒಬ್ಬ ಓದುಗರಾದರೂ ಸಿಕ್ಕರಲ್ಲ ಎಂದು ಒಳಗೊಳಗೇ ಸಂತೋಷಪಟ್ಟೆ.

ಆದರೆ ಕಳೆದ ತಿಂಗಳು ತಾವು ಕೈ ಹಾಕಿದ್ದು, ಕ್ಷಮಿಸಬೇಕು, ಬಾಯಿ ಹಾಕಿದ್ದು, ಹಡಗಿನ ಪುಸ್ತಕಕ್ಕೆ.

ಆ ಪುಸ್ತಕದ ಹೆಸರು ನನಗೆ ತಿಳಿಯದು, ರಟ್ಟೂ ಮೊದಲ ಹಾಳೆಗಳೂ ನಾನು ಕೆಲಸಕ್ಕೆ ಸೇರುವ ಮೊದಲೇ ಹರಿದುಹೋಗಿದ್ದವು. ಬರೆದವರು ಯಾರೋ, ಕನ್ನಡಕ್ಕೆ ತಂದವರು ಯಾರೋ. ಇಷ್ಟು ಮಾತ್ರ ಗೊತ್ತು: ರಾಡ್ರಿಕ್ ಎಂಬ ಕಪ್ತಾನನು ಅರವತ್ತಮೂರು ಜನರನ್ನೂ ಹಾಲಿಗೆಂದು ಎರಡು ಕುರಿಗಳನ್ನೂ ಹತ್ತಿಸಿಕೊಂಡು, ಯಾರೂ ಕಾಣದ ಉತ್ತರದ ಸಮುದ್ರಕ್ಕೆ ಮರದ ಹಡಗಿನಲ್ಲಿ ಹೊರಡುತ್ತಾನೆ. ಇಂಥ ಹಳೆಯ ಸಾಹಸದ ಕಾದಂಬರಿಗಳನ್ನು ಈಗ ಯಾರು ಓದುತ್ತಾರೆ, ಧ್ರುವಪ್ರದೇಶವೇ ಮೊಬೈಲಿನಲ್ಲಿ ಕಾಣುತ್ತದಲ್ಲ ಎಂದು ತಪಾಸಣೆಗೆ ಬಂದ ಮಹನೀಯರೊಬ್ಬರು ಕೇಳಿದ್ದರು. ಅವರು ಶೆಟ್ಟೆವ್ವಾಯಿಯನ್ನು ಕಂಡವರಲ್ಲ.

ಶೆಟ್ಟೆವ್ವಾಯಿಗೆ ಎಪ್ಪತ್ತರ ಮೇಲೆ ವಯಸ್ಸು. ಐವತ್ತು ವರ್ಷ ಕುರಿ ಹಿಂಡಿನ ಜೊತೆ ನಡೆದವರು, ಮಳೆಗಾಲಕ್ಕೆ ಒಂದು ದಿಕ್ಕು, ಬೇಸಿಗೆಗೆ ಒಂದು ದಿಕ್ಕು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಹಿಂಡನ್ನು ಮಗನಿಗೆ ಬಿಟ್ಟು, ಮಧ್ಯಾಹ್ನದ ಹೊತ್ತು ಗ್ರಂಥಾಲಯದ ಕಟ್ಟೆಯ ಮೇಲೆ ನೆರಳಿಗೆ ಕುಳಿತಿರುತ್ತಿದ್ದರು. ಒಂದು ದಿನ "ಏನಾರ ಓದವಾ ಸುಮನಾ, ನಿನ್ನ ಬುಕ್ಕಾ ಎಲ್ಲಾ ಸುಮ್ಮನ ಕುಂತಾವಲ್ಲ" ಎಂದರು. ಕೈಗೆ ಸಿಕ್ಕಿದ್ದು ಇದು. ಹಡಗಿಗೆ ಎರಡು ಕುರಿ ಹತ್ತಿಸಿದರು ಎಂದು ನಾನು ಓದಿದ್ದೇ ತಡ, ಅವರು ನೆಟ್ಟಗೆ ಕುಳಿತರು.

"ಕುರಿ? ಕರೇವೋ ಬಿಳೇವೋ? ಮೇವ ಎಷ್ಟ ಹಾಕ್ಕೊಂಡಾರ?"

ಮರುದಿನ ನಾಲ್ವರು ಬಂದರು, ವಾರದಲ್ಲಿ ಹದಿನೆಂಟು. ಸಮುದ್ರವನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಆದರೆ ನೀರು ತೀರಿದರೆ ಏನು ಮಾಡುವುದು, ಮೋಡ ಕವಿದು ಚುಕ್ಕಿ ಕಾಣದಿದ್ದರೆ ದಿಕ್ಕು ಹೇಗೆ ಹಿಡಿಯುವುದು, ಮುಂದೆ ಹೋದವರು ಬರದಿದ್ದರೆ ಎಷ್ಟು ದಿನ ಕಾಯುವುದು, ಇವೆಲ್ಲ ಅವರಿಗೆ ಕಪ್ತಾನನಿಗಿಂತ ಚೆನ್ನಾಗಿ ಗೊತ್ತಿತ್ತು. ಮಾಲಿಂಗಪ್ಪ ಎಂಬ ಹಿರಿಯ ಕುರಿಗಾರರು ಆ ಕಪ್ತಾನನನ್ನು ಕೊನೆಯವರೆಗೂ ನಂಬಲಿಲ್ಲ. "ಹಿಂಡ ಕಾಯಾಂವ ಹಿಂದ ಇರಬೇಕು. ಇಂವಾ ಯಾವಾಗ ನೋಡಿದ್ರೂ ಮುಂದ ನಿಂತ ದುರ್ಬೀನ ಹಿಡೀತಾನ" ಎಂದು ದಿನಕ್ಕೊಮ್ಮೆ ಆಕ್ಷೇಪಿಸುತ್ತಿದ್ದರು. ಐದನೆಯ ಅಧ್ಯಾಯದ ಬಿರುಗಾಳಿಯಲ್ಲಿ ಒಂದು ಕುರಿ ನೀರುಪಾಲಾದಾಗ ಶೆಟ್ಟೆವ್ವಾಯಿ ಆ ಹೊತ್ತು ರೊಟ್ಟಿ ಮುಟ್ಟಲಿಲ್ಲ. ಅದೇ ಗಾಳಿಗೆ ಒಂಬತ್ತು ನಾವಿಕರೂ ಹೋಗಿದ್ದರು. ಅವರ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಹೀಗೆ ಬರುತ್ತ ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕಿಬಿದ್ದು, ಧಾನ್ಯ ಮುಗಿದು, ನಾವು ಇನ್ನೂರ ಹನ್ನೆರಡನೆಯ ಪುಟಕ್ಕೆ ತಲುಪಿದೆವು. ಅದರ ಕೊನೆಯ ಸಾಲುಗಳು ಇವು: "ಅಡುಗೆಯವನು ಚೂರಿಯನ್ನು ಕಲ್ಲಿಗೆ ತಿಕ್ಕಿ, ಉಳಿದಿದ್ದ ಒಂದೇ ಕುರಿಯ ಕಡೆಗೆ ನಡೆದನು. ಆಗ ಕಪ್ತಾನನು"

ನಾನು ಹಾಳೆ ತಿರುವಿದೆ. ಮಣ್ಣು ಉದುರಿತು. ಪುಸ್ತಕದ ಕೊನೆಯ ಮೂವತ್ತಾರು ಪುಟಗಳ ಜಾಗದಲ್ಲಿ ತಾವು ಕಟ್ಟಿದ್ದ, ನಿಜಕ್ಕೂ ಕಲಾತ್ಮಕವಾದ ಒಂದು ಸುರಂಗವಿತ್ತು.

ಮಾನ್ಯರೇ, ತಮ್ಮ ಸಾಹಿತ್ಯಾಭಿರುಚಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆ. ಆರುನೂರು ಪುಸ್ತಕಗಳಿರುವ ಕಪಾಟುಗಳಲ್ಲಿ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಅವೇ ಮೂವತ್ತಾರು ಪುಟಗಳನ್ನು ಆರಿಸಿಕೊಳ್ಳಬೇಕಾದರೆ ದೊಡ್ಡ ವಿಮರ್ಶಕರಿಗೂ ಇಲ್ಲದ ಮೂಗು ಬೇಕು. ಆದರೆ ತಮ್ಮ ಭೋಜನದಿಂದ ಆದದ್ದೇನೆಂದು ತಾವು ಕೇಳಲೇಬೇಕು.

ಮುಂದಿನ ಸೋಮವಾರ ಗೋಕಾಕದ ದವಾಖಾನೆಯಲ್ಲಿ ಶೆಟ್ಟೆವ್ವಾಯಿಯ ಕಣ್ಣಿನ ಆಪರೇಶನ್ ನಿಗದಿಯಾಗಿತ್ತು. ಪೊರೆ ಪೂರ್ತಿ ಬಲಿತಿದೆ, ಇನ್ನು ತಡಮಾಡಿದರೆ ಉಳಿದ ದೃಷ್ಟಿಯೂ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಶೆಟ್ಟೆವ್ವಾಯಿ ಒಲ್ಲೆನೆಂದರು. "ಆ ಕುರೀನ ಚೂರಿ ಮುಂದ ನಿಂದರ್ಸಿ ಬಿಟ್ಟ ನಾ ಕಣ್ಣ ತೋರ್ಸಾಕ ಹೋಗ್ಲೇನ? ಅದರದ್ದ ಏನಾತಂತ ಗೊತ್ತಾಗೂತನಕಾ ನಾ ಹೊಸ್ತಲ ದಾಟಂಗಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಮಗ ಬೈದ, ಬೇಡಿಕೊಂಡ, ಕುರಿ ಉಳಿಯಿತೆಂದು ಆಣೆ ಮಾಡಿದ. "ನೀ ಓದೀ ಏನ?" ಎಂಬ ಒಂದೇ ಪ್ರಶ್ನೆಗೆ ಅವನು ಎದ್ದು ಹಿಂಡಿನ ಕಡೆ ಹೊರಟುಹೋದ.

ಮಂಗಳವಾರ ಬೆಳಿಗ್ಗೆ ಸೊಸೆ ಅನ್ನಪೂರ್ಣಾ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತಳು. "ಅಕ್ಕಾರ, ಹೆಂಗಾರ ಮಾಡಿ ಆ ಕುರಿ ಹುಡುಕ್ರಿ. ಇಲ್ಲಾಂದ್ರ ನಮ್ಮ ಅತ್ತಿ ಕಣ್ಣ ಹೋಗ್ತಾವ" ಎಂದಳು. ಆ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಇರಲೇಬೇಕೆಂದು ಲೆಕ್ಕ ಹಾಕಿ, ರಜೆ ಚೀಟಿಯ ಮೇಲೆ ಕಾರಣದ ಜಾಗದಲ್ಲಿ "ಕುರಿ" ಎಂದು ಬರೆದಿಟ್ಟು, ಅವಳೊಂದಿಗೆ ನಾನು ಹೊರಟೆ.

ಮೂಡಲಗಿಯಲ್ಲಿ ಹಡಗಿನ ಚಿತ್ರವಿರುವ ಪುಸ್ತಕವೊಂದನ್ನು ಬಹಳ ಪ್ರೀತಿಯಿಂದ ಹುಡುಕಿಕೊಟ್ಟರು. ಒಳಗೆ ಮೀನು ಸಾಕಣೆಯ ಸರಳ ವಿಧಾನಗಳಿದ್ದವು. ಗೋಕಾಕದ ರದ್ದಿ ಅಂಗಡಿಯೊಂದರಲ್ಲಿ ಅನ್ನಪೂರ್ಣಾ ಎರಡು ತಾಸು ಕಾಗದದ ರಾಶಿಯೊಳಗೆ ಸೊಂಟದವರೆಗೆ ಇಳಿದು, ಕಡೆಗೆ ಎತ್ತಿ ಹಿಡಿದದ್ದು ಅಡುಗೆ ಪುಸ್ತಕವೊಂದರಿಂದ ಕಳಚಿಬಿದ್ದ ಕುರಿಮಾಂಸದ ಅಧ್ಯಾಯವನ್ನು. ಅದನ್ನು ಕಂಡದ್ದೇ ಅವಳ ಮುಖ ಸಪ್ಪಗಾಯಿತು. ಮರುದಿನ ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ರಾಜಪ್ಪ ಎಂಬುವರು ನಮ್ಮ ಮಾತು ಕಿವಿಗೆ ಬಿದ್ದು, ಚಹಾದ ಬಸಿ ಹಿಡಿದ ಕೈ ಅಲ್ಲೇ ನಿಲ್ಲಿಸಿದರು.

"ಹಡಗಾ, ಬರ್ಫ, ಕುರಿ? ನಮ್ಮ ಸದಾಶಿವ ಮಾಸ್ತರ ಸಾಲ್ಯಾಗ ಓದಿ ಹೇಳ್ತಿದ್ರಲ್ರಿ ಅದನ್ನ! ಸಂಕೇಶ್ವರದಾಗ ಅದಾರ ಈಗ."

"ಕಡೀಕ ಆ ಕುರೀದ ಏನಾತ್ರಿ?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು.

ರಾಜಪ್ಪ ಬಹಳ ಹೊತ್ತು ನೆನಪು ಮಾಡಿಕೊಂಡು ಹೇಳಿದರು: "ಗಂಟಿ ಹೊಡೀತ್ರಿ. ಮರದಿನ ಸೂಟಿ ಇತ್ತು."

ಸಂಕೇಶ್ವರದಲ್ಲಿ ಮಾಸ್ತರರ ಮನೆಗೆ ಬೀಗ ಹಾಕಿತ್ತು. ಮಗಳ ಊರಾದ ಕಣಗಲಾಕ್ಕೆ ಹೋಗಿದ್ದಾರೆಂದು ನೆರೆಯವರು ಹೇಳಿದರು. ಹೆದ್ದಾರಿಯ ಬಸ್ಸಿನಲ್ಲಿ ಅನ್ನಪೂರ್ಣಾ ಕಿಟಕಿಯ ಪಕ್ಕ ಕುಳಿತು, ಯಾವ ಊರಿಗೆ ಎಷ್ಟು ಗಂಟೆಗೆ ತಲುಪಿದೆವೆಂದು ಕಪ್ತಾನನ ದಿನಚರಿಯ ಹಾಗೆ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. "ಲಗ್ನಾ ಆಗಿ ಬಂದಿಂದ ನಾ ಗೋಕಾಕ ದಾಟಿದ್ದ ಇದ ಮೊದಲನೇ ಸಲ್ರಿ ಅಕ್ಕಾರ" ಎಂದು ಹೇಳಿ, ಅತ್ತೆಯ ಕಣ್ಣಿನ ನೆನಪಾಗಿ, ಅರಳಿದ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸದಾಶಿವ ಮಾಸ್ತರರಿಗೆ ಎಂಬತ್ತೊಂದು ವರ್ಷ. ಪುಸ್ತಕ ಅವರ ಹತ್ತಿರವೇ ಇತ್ತು, ಬಿಳಿ ಪಂಚೆಯಲ್ಲಿ ಸುತ್ತಿ, ಹೋದ ಊರಿಗೆಲ್ಲ ಒಯ್ಯುತ್ತಿದ್ದ ಚೀಲದಲ್ಲಿ. ಅದರ ಮೊದಲ ಹಾಳೆಯೂ ಹರಿದಿತ್ತು, ಕೊನೆಯದು ಇತ್ತು. ಆದರೆ ಅವರು ಕೈಗೆ ಕೊಡಲೊಪ್ಪಲಿಲ್ಲ. ಹಿಂದೊಮ್ಮೆ ಒಯ್ದವರು ತೊಂಬತ್ತನೆಯ ಪುಟದ ಮೇಲೆ ಉಪ್ಪಿನಕಾಯಿಯ ಎಣ್ಣೆ ಚೆಲ್ಲಿ ತಂದುಕೊಟ್ಟಿದ್ದರಂತೆ. ಕುರಿಯದೊಂದು ಹೇಳಿಬಿಡಿ, ನಾವು ಹೋಗುತ್ತೇವೆ ಎಂದು ಬೇಡಿದರೆ ಅದಕ್ಕೂ ತಲೆಯಾಡಿಸಲಿಲ್ಲ. "ನಾ ಇದನ್ನ ನಲವತ್ತ ಸಲ ಓದೇನ್ರಿ. ಪ್ರತೀ ಸಲ ಓದೂವಾಗೂ, ಈ ಸಲ ಖರೇನ ಮುಳಗತಾರ ಅನಸತೈತಿ. ಅದನ್ನ ಬಾಯಿಲೆ ಹೇಳಿ ಮುಗಸಾಕ ಆಗಂಗಿಲ್ಲ" ಎಂದರು. ಆಮೇಲೆ ಎಷ್ಟು ಜನ ಕೇಳುತ್ತಾರೆಂದು ವಿಚಾರಿಸಿದರು. ಹದಿನೆಂಟು ಎಂದೆ. ಮಾಸ್ತರರು ಎದ್ದು ಕೋಟು ಹಾಕಿಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಮಗಳು ಕೂಗುತ್ತಿದ್ದರೂ ತಿರುಗಿ ನೋಡದೆ ಬಸ್‌ಸ್ಟಾಪಿನ ಕಡೆ ನಡೆದರು.

ಗುರುವಾರ ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಹದಿನೆಂಟಲ್ಲ, ನಲವತ್ತು ಜನ ಸೇರಿದ್ದರು. ದನಿ ನನ್ನದೇ ಇರಲಿ ಎಂದು ಶೆಟ್ಟೆವ್ವಾಯಿ ಹಟ ಹಿಡಿದುದರಿಂದ ನಾನು ಓದಿದೆ, ಮಾಸ್ತರರು ಪಕ್ಕದಲ್ಲಿ ಕುಳಿತು ಸಾಲಿನ ಕೆಳಗೆ ಬೆರಳಿಟ್ಟರು. ಆಗ ಕಪ್ತಾನನು "ತಡೆ!" ಎಂದು ಕೂಗಿದನು, ದೂರದಲ್ಲಿ ನೆಲ ಕಂಡಿತ್ತು. ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟರು. ಮುಂದೆ ಹನ್ನೊಂದು ದಿನ ಹಿಮ ಒಡೆಯುತ್ತ ಸಾಗಿ, ಹಡಗು ದಡ ಮುಟ್ಟಿ, ವಾದ್ಯಮೇಳ ಮೊಳಗಿ, ಗವರ್ನರನ ಔತಣವಾಗಿ, ಪದಕ ಬಂದು, ಕಪ್ತಾನನ ಮದುವೆಯೂ ಆಯಿತು. ಕುರಿಯ ಸುದ್ದಿಯೇ ಇಲ್ಲ. ಬರೆದ ಮಹಾಶಯರು ಅದನ್ನು ಪೂರ್ತಿ ಮರೆತಿದ್ದರು. ಕೊನೆಯ ಪುಟ ಹತ್ತಿರ ಬಂದಂತೆ ಶೆಟ್ಟೆವ್ವಾಯಿಯ ಮುಖ ನೋಡಲಾರದೆ, ನನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ, ಪುಸ್ತಕದಲ್ಲಿಲ್ಲದ ಒಂದು ಸಾಲನ್ನು ಓದಿಬಿಟ್ಟೆ: "ಎಲ್ಲರಿಗಿಂತ ಮೊದಲು ಆ ಕುರಿ ದಡಕ್ಕೆ ಇಳಿಯಿತು."

ಮಾಸ್ತರರು ಕೆಮ್ಮಿದರು.

"ಮಾಸ್ತರ ಯಾಕ ಕೆಮ್ಮಿದ್ರಿ?" ಎಂದರು ಶೆಟ್ಟೆವ್ವಾಯಿ.

ಮಾಸ್ತರರು ನನ್ನ ಕಡೆ ನೋಡಿದರು, ನೆಲದ ಕಡೆ ನೋಡಿದರು, ಕೊನೆಗೆ "ಆ ಸಾಲ ಬುಕ್ಕಿನ್ಯಾಗ ಇಲ್ಲವಾ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಮ್ಮ ಮನೆಯಲ್ಲಾದರೂ ಜಾಗ ಕೊಡುತ್ತಿದ್ದಿರೇನೋ. ಅನ್ನಪೂರ್ಣಾ ಅಳತೊಡಗಿದಳು. ಶೆಟ್ಟೆವ್ವಾಯಿ ಮಾತ್ರ ನನ್ನನ್ನು ಬೈಯಲಿಲ್ಲ. "ಆ ಹನ್ನೊಂದ ದಿನಾ ಅವ್ರ ಏನೇನ ತಿಂದ್ರು, ಅದನ್ನಷ್ಟ ಇನ್ನೊಮ್ಮೆ ಓದ" ಎಂದರು.

ಓದಿದೆ. ಅವರು ಬೆರಳು ಮಡಚುತ್ತ ಎಣಿಸಿಕೊಂಡರು: ಬೂಷ್ಟು ಹಿಡಿದ ಬಿಸ್ಕೀಟು, ಇಲಿ, ಮೇಣದಬತ್ತಿ, ಕುದಿಸಿದ ಚರ್ಮದ ಪಟ್ಟಿ. ಹನ್ನೊಂದು ದಿನದ ಲೆಕ್ಕ ಮುಗಿದ ಮೇಲೆ ಕೈ ಕೆಳಗಿಟ್ಟರು.

"ಇಂವಾ ಇಲಿ ತಿಂದದ್ದ ಬರದಾನ, ಚರ್ಮದ ಪಟ್ಟಾ ತಿಂದದ್ದ ಬರದಾನ. ಕುರಿ ತಿಂದಿದ್ರ ಬರೀದ ಬಿಡತಿದ್ನೇನ? ಎರಡ ಪುಟಾ ಬರೀತಿದ್ದ. ತಿಂದಿಲ್ಲವಾ. ಅದು ಇಳದ ಹೋಗೇತಿ. ಮ್ಯಾಳಾ ಬಾರಿಸೂದ್ರಾಗ ಕುರಿ ಇಳದದ್ದ ಯಾರ ನೋಡ್ತಾರ?"

ಮಾಸ್ತರರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡರು. ನಲವತ್ತು ಸಲ ಓದಿದರೂ ತಮಗೆ ಇದು ಹೊಳೆದಿರಲಿಲ್ಲ ಎಂದರು. ಸೋಮವಾರ ಮುಂಜಾನೆ ಶೆಟ್ಟೆವ್ವಾಯಿ ಎಲ್ಲರಿಗಿಂತ ಮೊದಲೇ ಎದ್ದು, ಸೀರೆ ಉಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ಆಪರೇಶನ್ ಸುಸೂತ್ರವಾಯಿತು. ಹತ್ತು ದಿನ ಬಿಟ್ಟು ಕರಿ ಕನ್ನಡಕ ಹಾಕಿಕೊಂಡು ಒಬ್ಬರೇ ನಡೆದುಬಂದು, ನಮ್ಮ ಹರಕು ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟ ಸಣ್ಣದ ಐತೇನ! ಅಷ್ಟ ನೀರ ಇದರಾಗ ಹೆಂಗ ಹಿಡಿಸಿತ್ತವಾ?" ಎಂದು ಕೇಳಿದರು.

ಇನ್ನು ನನ್ನ ವಿನಂತಿಗಳು. ತಿಂದ ಪುಟಗಳನ್ನು ಬಂದ ದಾರಿಯಲ್ಲೇ ಹಿಂತಿರುಗಿಸಲು ಸಾಧ್ಯವಿದ್ದರೆ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಕೊಡಬೇಕು. ಇಲ್ಲವಾದರೆ ಇನ್ನು ಮುಂದೆ ಯಾವ ಪುಸ್ತಕವನ್ನಾಗಲಿ ಮುನ್ನುಡಿಯಿಂದ ಆರಂಭಿಸಬೇಕು, ಮುನ್ನುಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಅದಕ್ಕೆ ಯಾರ ಆಕ್ಷೇಪವೂ ಬರುವುದಿಲ್ಲವೆಂದು ನಾನು ಬರೆದುಕೊಡುತ್ತೇನೆ. ಮಾಸ್ತರರು ಎರಡು ವಾರ ನಮ್ಮಲ್ಲೇ ಉಳಿದು, ಅವರ ಕಣ್ಣೆದುರೇ ಅನ್ನಪೂರ್ಣಾ ಆ ಮೂವತ್ತಾರು ಪುಟಗಳನ್ನು ನೋಟ್‌ಬುಕ್ಕಿಗೆ ಇಳಿಸಿ ನಮ್ಮ ಪ್ರತಿಗೆ ಹೊಲಿದಿದ್ದಾಳೆ. ಬಾಲ್‌ಪೆನ್ನಿನ ಶಾಯಿ ತಮ್ಮಂಥ ರಸಿಕರ ಹೊಟ್ಟೆಗೆ ಒಗ್ಗುವುದಿಲ್ಲ ಎಂದು ಹಿತೈಷಿಯಾಗಿ ತಿಳಿಸುತ್ತೇನೆ.

ತಮ್ಮ ಹಸಿವಿನಲ್ಲಿ ಅಚಲ ನಂಬಿಕೆಯುಳ್ಳ,
ತಮ್ಮ ವಿಶ್ವಾಸಿ,
ಸುಮನ

ತಾ.ಕ.: ತಮ್ಮ ಮನೆತನಕ್ಕೆ ಔಷಧ ಹೊಡೆಯಲು ಉಮೇಶ ಎಂಬ ತರುಣರು ಮೊನ್ನೆ ಹುಕ್ಕೇರಿಯಿಂದ ಡಬ್ಬಿ ಸಮೇತ ಬಂದಿದ್ದಾರೆ. ಕಪಾಟು ಖಾಲಿ ಮಾಡುವಾಗ ಕೈಗೆ ಸಿಕ್ಕ ಹಡಗಿನ ಪುಸ್ತಕವನ್ನು ತೆರೆದವರು ಇನ್ನೂ ಕೆಳಗಿಟ್ಟಿಲ್ಲ, ಡಬ್ಬಿಯ ಮುಚ್ಚಳವನ್ನೂ ತೆಗೆದಿಲ್ಲ. ನಿನ್ನೆ ನಲವತ್ತು ಪುಟ ಓದಿದ್ದರು, ಇಂದು ಮಧ್ಯಾಹ್ನದೊಳಗೆ ತೊಂಬತ್ತು. ತಾವು ಸಾಮಾನು ಕಟ್ಟಿಕೊಳ್ಳುವುದು ಒಳಿತು, ಕತೆ ಈಗ ವೇಗ ಹಿಡಿದಿದೆ.